ವೇಲ್ಸ್‌ನಿಂದ ನಾನು ಕಳಿಸಿದ ಗೋಡೆ

ಬಜ್ಪೆ

ವಿಮಾನ ಹತ್ತುವ ಮೊದಲೇ ನನಗೆ ಸಿಟ್ಟು ಬಂದಿತ್ತು. ನನ್ನ ಕೈಚೀಲದಲ್ಲಿದ್ದ ಮೊಳದುದ್ದದ ಟೊಳ್ಳು ಬಿದಿರಿನ ಅಂಡೆಯನ್ನು ತಪಾಸಣೆಯವನು ಮೂರು ಸಲ ಯಂತ್ರದೊಳಗೆ ಹಾಯಿಸಿದ, ಮೂಸಿದ, ಅಲ್ಲಾಡಿಸಿದ. ಕೊನೆಗೆ ಹಿಂದಿಯಲ್ಲಿ ಇದೇನೆಂದು ಕೇಳಿದ. ಮುಜಂಟಿಯ ಖಾಲಿ ಗೂಡು ಎಂದೆ. ಮುಜಂಟಿ ಎಂದರೆ ನಮ್ಮ ಕಡೆಯ ಕೊಂಡಿಯಿಲ್ಲದ ಪುಟ್ಟ ಕಪ್ಪು ಜೇನು. ಮರದ ಪೊಟರೆಯಲ್ಲೋ ಕಲ್ಲಿನ ಸಂದಿನಲ್ಲೋ ಮನೆ ಮಾಡಿ, ಬಾಗಿಲಿಗೆ ಮೇಣದ ಒಂದು ಸಣ್ಣ ಕೊಳವೆ ಕಟ್ಟಿಕೊಂಡು ಇರುತ್ತದೆ. ಇಷ್ಟನ್ನು ನನ್ನ ಶಾಲಾ ಹಿಂದಿಯಲ್ಲಿ ಹೇಳುವಷ್ಟರಲ್ಲಿ ಹಿಂದಿನ ಸಾಲು ಗೊಣಗತೊಡಗಿತ್ತು. ಕೊನೆಗೆ ಅಲ್ಲೇ ಕೆಲಸಕ್ಕಿದ್ದ ಹುಡುಗಿಯೊಬ್ಬಳು ಬಂದು, "ಅಯ್ಯೋ, ಅದು ಮುಜಂಟಿಯದ್ದಲ್ವಾ? ನಮ್ಮ ಅಜ್ಜಿ ಮನೆಯಲ್ಲಿಯೂ ಉಂಟು. ಬಿಡಿ ಅವರನ್ನು" ಎಂದು ಪಾರುಮಾಡಿದಳು.

ನಾನು ವಾರಿಜ. ಇಪ್ಪತ್ತೆರಡು ವರ್ಷ ಪ್ರಾಥಮಿಕ ಶಾಲೆಯಲ್ಲಿ ಪಾಠ ಹೇಳಿದವಳು. ಈಗ ಬಂಟ್ವಾಳ, ಬೆಳ್ತಂಗಡಿ, ಮೂಡುಬಿದಿರೆ ತಾಲೂಕುಗಳ ಮಹಿಳಾ ಸಂಘಗಳಿಗೆ ಹೋಗಿ, ಜೇನು, ಚಿಟ್ಟೆ, ಹಕ್ಕಿಗಳಿಗೆ ಊರಿನಲ್ಲಿ ಜಾಗ ಉಳಿಸುವುದು ಹೇಗೆಂದು ಹೇಳಿಕೊಡುತ್ತೇನೆ. ಹೀಗೆ ಕಲಿಸುವವರದೇ ಒಂದು ಕೂಟ ವೇಲ್ಸ್‌ನ ಸಣ್ಣ ಊರೊಂದರಲ್ಲಿ ಸೆಪ್ಟೆಂಬರಿನಲ್ಲಿ ನಡೆಯುವುದಿತ್ತು. ಅದಕ್ಕೆ ನನ್ನನ್ನೂ ಕರೆದಿದ್ದರು. ಹನ್ನೆರಡು ದಿನ.

ನಮ್ಮಲ್ಲಿ ಈ ಕೆಲಸ ಹೇಗೆ ನಡೆಯುತ್ತದೆಂದು ಒಂದೆರಡು ಮಾತು ಹೇಳಿಬಿಡುತ್ತೇನೆ, ಇಲ್ಲವಾದರೆ ನನ್ನ ಸಿಟ್ಟು ನಿಮಗೆ ಅರ್ಥವಾಗದು. ಬೆಳ್ತಂಗಡಿ ಕಡೆಯ ಒಂದು ತರಬೇತಿಯಲ್ಲಿ ದೀಪ ಬೆಳಗಿ, ಪ್ರಾರ್ಥನೆ ಹಾಡಿ, ಆರು ಜನ ಅತಿಥಿಗಳಿಗೆ ಶಾಲು ಹೊದಿಸಿ, ಆರೂ ಜನ ಮಾತಾಡಿ ಮುಗಿಸುವಾಗ ಹೊರಗೆ ಊಟಕ್ಕೆ ಎಲೆ ಹಾಕಿ ಆಗಿತ್ತು. ಜೇನಿನ ವಿಷಯಕ್ಕೆ ನನಗೆ ಸಿಕ್ಕಿದ್ದು ಹತ್ತು ನಿಮಿಷ, ಅದೂ ಸಾರಿನ ಪರಿಮಳದ ನಡುವೆ. ಮೂಡುಬಿದಿರೆಯ ಹತ್ತಿರ ಇನ್ನೊಂದು ಕಡೆ ನಾನು ಬರುತ್ತೇನೆಂದು ಅಂಗಳದ ಸುತ್ತ ಕಳೆನಾಶಕ ಹೊಡೆಸಿ ಚೊಕ್ಕ ಮಾಡಿ ಇಟ್ಟಿದ್ದರು. ತುಂಬೆ, ನಾಚಿಕೆಮುಳ್ಳು ಎಲ್ಲ ಕರಟಿಹೋಗಿ ನಿಂತಿದ್ದವು. ಅವುಗಳ ನಡುವೆ ನಿಂತು ನಾನು ಜೇನಿಗೆ ಕಾಡುಹೂ ಎಷ್ಟು ಮುಖ್ಯ ಎಂದು ಹೇಳಬೇಕಾಯಿತು.

ಇವೆಲ್ಲದರ ನಡುವೆ ನನಗೆ ಹೆಮ್ಮೆಯ ಜಾಗ ಒಂದೇ. ಬಂಟ್ವಾಳದಿಂದ ಅರ್ಧ ಗಂಟೆ ದೂರದ ನನ್ನ ಸ್ವಂತ ಊರಿನ ಹಳೆಯ ಶಾಲೆಯ ಪಾಗಾರ. ಕೆಂಪುಕಲ್ಲನ್ನು ಮಣ್ಣಿನಲ್ಲಿ ಕೂರಿಸಿ ಕಟ್ಟಿದ ಆ ಆವರಣದ ಗೋಡೆಗೆ ಸಿಮೆಂಟು ತಾಗಿರಲಿಲ್ಲ. ಅದರ ಸಂದುಗಳಲ್ಲಿ ಮುಜಂಟಿಯ ಏಳು ಗೂಡುಗಳಿದ್ದವು. ಕೆಳಗೆ ತುಂಬೆ, ಕೇಪಳ, ನೆಕ್ಕರೆ ಯಾರೂ ನೆಡದೆ ಬೆಳೆದಿದ್ದವು. ನಮ್ಮೂರ ಸಂಘದ ಹದಿನಾಲ್ಕು ಹೆಂಗಸರಿಗೆ ನಾನು ಮೊದಲ ಪಾಠ ಮಾಡಿದ್ದು ಆ ಗೋಡೆಯ ಬುಡದಲ್ಲಿ ಕುಳಿತು. ಅದರ ಫೋಟೋ ಹಿಡಿದುಕೊಂಡೇ ನಾನು ವಿಮಾನ ಹತ್ತಿದ್ದು.

ಮೊದಲ ದಿನ: ಚರ್ಚಿನ ಹಿಂದೆ

ಅಲ್ಲಿಯ ವಿಮಾನ ನಿಲ್ದಾಣದಲ್ಲಿ ನನ್ನ ಬಿದಿರಿನ ಅಂಡೆ ಕಸದ ಬುಟ್ಟಿ ಸೇರಿತು. ಒಳಗೆ ಮೇಣದ ಅಂಟು ಇದೆ, ಜೇನಿನ ರೋಗ ಬರಬಹುದು ಎಂದರು. ಕೈಗವಸು ಹಾಕಿ, 'ಕ್ಷಮಿಸಿ ಮೇಡಂ' ಎಂದು ಎರಡು ಸಲ ಹೇಳಿ ಎಸೆದರು. ಮೈ ಉರಿದುಹೋಯಿತು. ನನ್ನನ್ನು ಕರೆದೊಯ್ಯಲು ಬಂದಿದ್ದ ಗ್ವೆನ್ ಎಂಬ ಮುದುಕಿಗೆ ದಾರಿಯುದ್ದಕ್ಕೂ ಇದನ್ನೇ ಹೇಳಿದೆ. ಎಪ್ಪತ್ತನಾಲ್ಕು ವರ್ಷದ ಅವರು ಕಾರು ಓಡಿಸುತ್ತಲೇ ಎಲ್ಲ ಕೇಳಿ, "ಅವರು ಮಾಡಿದ್ದು ಸರಿ" ಎಂದರು. ಆ ಕ್ಷಣದಿಂದ ಮನಸ್ಸಿನಲ್ಲೇ ಅವರನ್ನು ಗ್ವೆನಕ್ಕ ಎಂದು ಕರೆಯತೊಡಗಿದೆ. ನಮ್ಮ ಕಡೆಯೂ ಇಂಥ ಅಕ್ಕಂದಿರಿದ್ದಾರೆ. ಅವರ ಹತ್ತಿರ ಸಮಾಧಾನದ ಮಾತು ಸಿಗುವುದಿಲ್ಲ, ಊಟ ಸಿಗುತ್ತದೆ.

ಗ್ವೆನಕ್ಕನ ಗುಂಪಿನಲ್ಲಿ ಹನ್ನೊಂದು ಜನ. ನಿವೃತ್ತ ಅಂಚೆಯವರು, ಒಬ್ಬ ಕಟುಕ, ಇಬ್ಬರು ದಾದಿಯರು. ಅವರ ಹೆಮ್ಮೆಯ ಜಾಗ ನೋಡಲು ಸಂಜೆಯೇ ಹೊರಟೆವು. ನಾನು ಬಣ್ಣಬಣ್ಣದ ಹೂದೋಟ ಇರುತ್ತದೆಂದು ಎಣಿಸಿಕೊಂಡು ಒಳ್ಳೆಯ ಸೀರೆ ಉಟ್ಟಿದ್ದೆ. ಹೋಗಿ ನೋಡಿದರೆ ಹಳೆಯ ಚರ್ಚಿನ ಹಿಂದಿನ ಸ್ಮಶಾನ. ಸೊಂಟದೆತ್ತರ ಹುಲ್ಲು, ಮುಳ್ಳುಕಂಟಿ, ಬಾಗಿದ ಸಮಾಧಿ ಕಲ್ಲುಗಳು. ಹಿಂದೆ ಒಂದು ಮುರುಕು ಕಲ್ಲುಗೋಡೆ, ಅದನ್ನು ಪೂರ್ತಿ ಮುಚ್ಚಿಬಿಟ್ಟ ಐವಿ ಎಂಬ ಬಳ್ಳಿ. ನಮ್ಮಲ್ಲಾದರೆ ಪಂಚಾಯತಿಗೆ ದೂರು ಹೋಗುವಂಥ ಜಾಗ.

"ಹತ್ತಿರ ಬಾ, ಕಿವಿ ಕೊಡು" ಎಂದರು ಗ್ವೆನಕ್ಕ.

ಐವಿಯ ಹೂ ಎಂದರೆ ಹೂವಿನ ಲಕ್ಷಣವೇ ಇಲ್ಲದ ಹಸಿರು ಗುಂಡುಗಳು. ಆದರೆ ಇಡೀ ಗೋಡೆ ಗುಂಯ್‌ಗುಡುತ್ತಿತ್ತು. ಅಷ್ಟು ಜೇನುಗಳನ್ನು ಒಂದೇ ಕಡೆ ನಾನು ಕಂಡಿರಲಿಲ್ಲ. ಚಳಿಗಾಲಕ್ಕೆ ಮೊದಲು ಅವುಗಳಿಗೆ ಸಿಗುವ ಕೊನೆಯ ಊಟ ಇದೇ ಎಂದು ಗ್ವೆನಕ್ಕ ಹೇಳಿದರು. ಈ ಬಳ್ಳಿ ಕಿತ್ತು ಗೋಡೆ ಚೊಕ್ಕ ಮಾಡಬೇಕೆಂದು ಊರಿನ ಕೆಲವರು ಹಟ ಹಿಡಿದಾಗ, ಈ ಹನ್ನೊಂದು ಜನ ಮನೆಮನೆಗೆ ಹೋಗಿ ಒಬ್ಬೊಬ್ಬರನ್ನೇ ಇಲ್ಲಿಗೆ ಕರೆತಂದು ಹೀಗೆ ಕಿವಿ ಕೊಡಿಸಿದರಂತೆ. ವೇದಿಕೆ ಇಲ್ಲ, ಶಾಲು ಇಲ್ಲ. ನನಗೆ ಬೆಳ್ತಂಗಡಿಯ ಆರು ಅತಿಥಿಗಳ ನೆನಪಾಗಿ ಹೊಟ್ಟೆ ಉರಿಯಿತು.

ಫೋಟೋ ತೆಗೆಯಲು ಒಂದು ಹೆಜ್ಜೆ ಮುಂದಿಟ್ಟೆ. ಕಾಲಿಗೆ ಏನೋ ತಾಗಿ ಬೆಂಕಿ ಹತ್ತಿದ ಹಾಗಾಯಿತು. ಮುಟ್ಟಿದರೆ ತುರಿಸುವ ಗಿಡವೊಂದು ಅಲ್ಲಿ ಎಲ್ಲೆಲ್ಲೂ ಬೆಳೆಯುತ್ತದೆ. ನಾನು ಸೀರೆ ಎತ್ತಿಕೊಂಡು ಕುಣಿಯುತ್ತಿದ್ದರೆ ಆ ಕಟುಕ ಪಕ್ಕದಲ್ಲೇ ಇದ್ದ ಅಗಲ ಎಲೆಯೊಂದನ್ನು ಕಿತ್ತು, ಉಜ್ಜಿ ಕೊಟ್ಟ. "ಈ ಗಿಡವನ್ನೂ ಯಾಕೆ ಇಟ್ಟುಕೊಂಡಿದ್ದೀರಿ?" ಎಂದು ಸಿಟ್ಟಿನಲ್ಲಿ ಕೇಳಿದೆ. ಚಿಟ್ಟೆಯ ಮರಿಹುಳಗಳಿಗೆ ಇದೇ ಊಟವಂತೆ. ಅವನಿಗೆ ನಗು ತಡೆಯಲಾಗಲಿಲ್ಲ.

ಮೂರನೇ ದಿನ: ಅಂಗಡಿಯ ಗೋಡೆ

ಇಲ್ಲಿಂದ ಮುಂದಿನದನ್ನು ಬರೆಯಲು ನನಗೆ ನಾಚಿಕೆ.

ನಮ್ಮೂರ ಸಂಘದವರ ವಾಟ್ಸಾಪ್ ಗುಂಪಿನಲ್ಲಿ ಬೆಳಿಗ್ಗೆಯಿಂದ ಒಂದೇ ವರಾತ. "ಟೀಚರೇ, ಫೋಟೋ ಹಾಕಿ." "ಎಂತ ನೋಡಿದ್ರಿ ಟೀಚರೇ?" ಸಂಘದ ಅಧ್ಯಕ್ಷೆ ಸುನಂದಳಂತೂ ಧ್ವನಿಸಂದೇಶವನ್ನೇ ಕಳಿಸಿದ್ದಳು: "ನಾವು ಹದಿನಾಲ್ಕು ಜನ ಕಾಯ್ತಾ ಇದ್ದೇವೆ. ಒಂದು ಚಂದದ ಫೋಟೋ ಆದರೂ ಹಾಕಿ ಮಾರಾಯ್ರೆ."

ನನ್ನ ಫೋನಿನಲ್ಲಿ ಇದ್ದದ್ದು ಐವಿಯ ಫೋಟೋ. ಮುರುಕು ಗೋಡೆ, ಕಾಡು, ಸಮಾಧಿ. ಜೇನಿನ ಗುಂಯ್ ಶಬ್ದ ಫೋಟೋದಲ್ಲಿ ಬರುವುದಿಲ್ಲ. ಇದನ್ನು ನೋಡಲಿಕ್ಕೆ ಟೀಚರು ವಿಮಾನ ಹತ್ತಿ ಹೋದದ್ದಾ ಎಂದು ನಕ್ಕರೆ? ಹಾಗೆ ಯೋಚಿಸುತ್ತ ಗ್ವೆನಕ್ಕನ ಜೊತೆ ಬ್ರೆಡ್ಡು ತರಲು ಹೊರಟಿದ್ದೆ. ಊರ ಹೊರಗಿನ ದೊಡ್ಡ ಅಂಗಡಿಯ ಗೋಡೆಯ ಮೇಲೆ ಕಣ್ಣು ಕುಕ್ಕುವ ಚಿತ್ರ. ಆಳೆತ್ತರದ ಹಳದಿ ಜೇನು, ನೀಲಿ ಚಿಟ್ಟೆ, ಸೂರ್ಯಕಾಂತಿ. ಕೆಳಗೆ ಕುಂಡಗಳ ಸಾಲು. ನಾನು ಫೋನು ಎತ್ತಿದೆ.

"ಅದನ್ನಾ?" ಎಂದು ಗ್ವೆನಕ್ಕ ಹುಬ್ಬು ಗಂಟಿಕ್ಕಿದರು. "ಅಲ್ಲಿ ಎಷ್ಟೋ ಕಾಲದ ಒಂದು ಬೇಲಿ ಇತ್ತು. ಗುಬ್ಬಿ, ಜೇನು, ಮುಳ್ಳಿಲಿ ಎಲ್ಲ ಅದರಲ್ಲಿದ್ದವು. ಅದನ್ನು ಕಡಿದು ಈ ಗೋಡೆ ಕಟ್ಟಿದರು. ನಾವು ಬೈದ ಮೇಲೆ ಜೇನಿನ ಚಿತ್ರ ಬರೆಸಿದರು."

ಕೇಳಿಸಿಕೊಂಡೆ. ಕೇಳಿಸಿಕೊಂಡ ಮೇಲೂ ತೆಗೆದೆ. 'ಇಲ್ಲಿಯವರಿಗೆ ಜೇನಿನ ಮೇಲೆ ಎಷ್ಟು ಪ್ರೀತಿ ನೋಡಿ!' ಎಂದು ಬರೆದು ಗುಂಪಿಗೆ ಹಾಕಿಬಿಟ್ಟೆ. ಚಪ್ಪಾಳೆ, ಹೂವು, ಕೈಮುಗಿತಗಳ ಮಳೆ ಸುರಿಯಿತು. ಅದರ ನಡುವೆ ಸುನಂದಳ ಒಂದು ಸಾಲು: 'ನಮ್ಮಲ್ಲಿಯೂ ಹೀಗೆ ಮಾಡುವ ಟೀಚರೇ, ಗಾಂಧಿ ಜಯಂತಿಗೆ.' ಬ್ರೆಡ್ಡಿನ ಚೀಲ ಒಂದು ಕೈಯಲ್ಲಿತ್ತು. ಪೂರ್ತಿ ಯೋಚಿಸದೆ, ಸರಿ ಎನ್ನುವ ಹೆಬ್ಬೆರಳಿನ ಚಿತ್ರ ಒತ್ತಿ ಫೋನನ್ನು ಚೀಲದೊಳಗೆ ಹಾಕಿದೆ.

ಒಂಬತ್ತನೇ ದಿನ: ನನ್ನ ಸರದಿ

ಕೂಟದಲ್ಲಿ ನನ್ನ ಸರದಿ ಬಂದಾಗ ನಮ್ಮ ಪಾಗಾರದ ಫೋಟೋ ತೋರಿಸಿದೆ. ಏಳು ಮೇಣದ ಕೊಳವೆಗಳನ್ನು ಒಂದೊಂದಾಗಿ ತೋರಿಸಿದೆ. ಸಂಜೆಯಾದರೆ ಮುಜಂಟಿ ಆ ಕೊಳವೆಯ ಬಾಯಿಯನ್ನು ಕಿರಿದು ಮಾಡಿಕೊಳ್ಳುತ್ತದೆ ಎಂದಾಗ ಸಭೆಯಲ್ಲಿ ಒಂದು ಉದ್ಗಾರ. ಆಮೇಲೆ ಲಂಡನ್ನಿನಿಂದ ಬಂದಿದ್ದ ಒಬ್ಬ ಮಹನೀಯರು ಎದ್ದು, ನಿಮ್ಮ ದೇಶದ ಹಳ್ಳಿಯ ಹೆಂಗಸರಿಗೆ ಪರಾಗಸ್ಪರ್ಶ ಎಂದರೆ ಏನೆಂದು ಗೊತ್ತಿರುತ್ತದೆಯೇ ಎಂದು ತುಂಬ ಮೃದುವಾಗಿ ಕೇಳಿದರು.

ಪಿತ್ತ ನೆತ್ತಿಗೇರಿತು. ನಮ್ಮ ಹೆಂಗಸರು ಕುಂಬಳದ ಗಂಡುಹೂ ಕಿತ್ತು ಹೆಣ್ಣುಹೂವಿಗೆ ಮುಟ್ಟಿಸುವುದನ್ನು ಅಮ್ಮನ ಸೆರಗು ಹಿಡಿದುಕೊಂಡೇ ಕಲಿತವರು ಎಂದೆ. ಇದೇ ಊರಿನಲ್ಲಿ ಮೂರು ಮನೆಯ ಅಂಗಳಕ್ಕೆ ಪ್ಲಾಸ್ಟಿಕ್ ಹುಲ್ಲು ಹಾಸಿದ್ದನ್ನು ನಾನೇ ಎಣಿಸಿದ್ದೇನೆ, ಅಂಥ ಹೆಂಗಸರು ನಮ್ಮಲ್ಲಿ ಇನ್ನೂ ಹುಟ್ಟಿಲ್ಲ ಎಂದೆ. ಕಟುಕ ಜೋರಾಗಿ ಚಪ್ಪಾಳೆ ತಟ್ಟಿದ. ನಾನು ಗೆದ್ದವಳ ಹಾಗೆ ಬಂದು ಕುಳಿತೆ.

ನಾನು ಅಲ್ಲಿ ಆ ಗೋಡೆಯನ್ನು ಹೊಗಳುತ್ತಿದ್ದಾಗ ಇಲ್ಲಿ ಅದರ ಬುಡದಲ್ಲಿ ಸಿಮೆಂಟು ಕಲಸುತ್ತಿದ್ದರು.

ಫರಂಗಿಪೇಟೆ

ಅಕ್ಟೋಬರ್ ಒಂದರ ಬೆಳಿಗ್ಗೆ ಬಜ್ಪೆಯಲ್ಲಿ ಇಳಿದೆ. ಬಸ್ಸು ಫರಂಗಿಪೇಟೆಯಲ್ಲಿ ಸಿಕ್ಕಿಹಾಕಿಕೊಂಡಿತು. ರಸ್ತೆಯ ಬದಿಯಲ್ಲಿ ಹಬ್ಬಿದ್ದ ಪೊದೆಯನ್ನೆಲ್ಲ ಸವರಿ ಬೆಂಕಿ ಹಾಕಿದ್ದರು. ನಾಳೆ ಗಾಂಧಿ ಜಯಂತಿ, ಸ್ವಚ್ಛತೆ. ಹನ್ನೆರಡು ದಿನ ಅನ್ಯರ ಕಳೆಗಿಡಗಳನ್ನು ನೋಡಿ ಬಂದ ಕಣ್ಣಿಗೆ ಅದನ್ನು ಸಹಿಸಲಾಗಲಿಲ್ಲ. ಸ್ವಚ್ಛ ಮಾಡಬೇಕಾದ ಪ್ಲಾಸ್ಟಿಕ್ ಚೀಲಗಳು ಹೊಳೆಯ ಕಡೆಯ ಇಳಿಜಾರಿನಲ್ಲಿ ಹಾಗೇ ಬಿದ್ದಿದ್ದವು, ಹೂ ಬಿಡುವ ಗಿಡ ಮಾತ್ರ ಸುಟ್ಟುಹೋಗಿತ್ತು. ಪಕ್ಕದಲ್ಲಿ ಕುಳಿತ ಹೆಂಗಸಿಗೆ ಇದನ್ನೇ ಹೇಳಿದೆ. "ಹೌದು ಅಕ್ಕ, ಈಗ ಕಾಣ್ಲಿಕ್ಕೆ ಚಂದ ಆಯ್ತು" ಎಂದಳು. ನಾನು ಕಿಟಕಿಯ ಕಡೆ ತಿರುಗಿ ಕುಳಿತೆ.

ಪಾಗಾರ

ಊರಿನಲ್ಲಿ ಬಸ್ಸಿಳಿದಾಗ ಹದಿನಾಲ್ಕು ಹೆಂಗಸರೂ ಹೊಸ ಸೀರೆಯಲ್ಲಿ ನಿಂತಿದ್ದರು. ಸುನಂದ ನನ್ನ ಚೀಲ ಕಸಿದುಕೊಂಡಳು. "ಮನೆಗೆ ಮತ್ತೆ ಹೋಗುವ. ಮೊದಲು ಶಾಲೆಗೆ ಬನ್ನಿ ಟೀಚರೇ, ಒಂದು ಉಂಟು" ಎಂದು ಕೈ ಹಿಡಿದು ಎಳೆದಳು.

ಗೋಡೆ ಫಳಫಳ ಹೊಳೆಯುತ್ತಿತ್ತು. ಈ ತುದಿಯಿಂದ ಆ ತುದಿಯವರೆಗೆ ಸಿಮೆಂಟಿನ ಸಾರಣೆ, ಮೇಲೆ ತಿಳಿನೀಲಿ ಬಣ್ಣ, ನಡುವೆ ಆಳೆತ್ತರದ ಹಳದಿ ಜೇನು. ನಾನು ಕಳಿಸಿದ ಅದೇ ಜೇನು. ಪಕ್ಕದಲ್ಲಿ 'ಜೇನು ಉಳಿಸಿ, ಪರಿಸರ ಉಳಿಸಿ'. ಕೆಳಗಿನ ತುಂಬೆ, ಕೇಪಳ, ನೆಕ್ಕರೆ ಒಂದೂ ಇಲ್ಲ. ಅಲ್ಲಿ ನರ್ಸರಿಯಿಂದ ತಂದ ಹದಿನಾಲ್ಕು ಕುಂಡಗಳು.

ಸುನಂದಳ ಕೈ ಬಿಡಿಸಿಕೊಂಡು ಗೋಡೆಯ ಹತ್ತಿರ ಓಡಿದೆ. ಖುಷಿಯಿಂದ ಎಂದು ಅವರು ತಿಳಿದರು. ಹಳದಿ ಜೇನಿನ ಹೊಟ್ಟೆಯ ಮೇಲೆ ಒಂದು ಕಪ್ಪು ಮುದ್ದೆ ಅಂಟಿಕೊಂಡಿತ್ತು. ಕೈ ಹತ್ತಿರ ತಂದಾಗ ಅಲುಗಿತು. ಮುಜಂಟಿಗಳು. ಹೊರಗೆ ಹೂವಿಗೆ ಹೋಗಿದ್ದಂಥವು ವಾಪಸು ಬಂದು ಬಾಗಿಲು ಸಿಗದೆ ಅಲ್ಲೇ ಒಂದರ ಮೇಲೊಂದು ಕುಳಿತಿದ್ದವು.

"ಯಾರು ಮಾಡಿದ್ದಿದು?" ಎಂದು ಕೂಗಿದೆ. "ಒಳಗೆ ಏಳು ಗೂಡು ಇದ್ದದ್ದು ನಿಮಗೆ ಗೊತ್ತಿಲ್ವಾ? ಇದೇ ಗೋಡೆಯ ಬುಡದಲ್ಲಿ ಕೂತು ಎಂತ ಕಲಿತದ್ದು ನೀವು? ಜೇನಿನ ಚಿತ್ರ ಬರೀಲಿಕ್ಕೆ ಜೇನನ್ನೇ ಹೂತು ಹಾಕಿದ್ರಲ್ಲ!"

ಎಲ್ಲರ ಮುಖ ಬಾಡಿತು. ಸುನಂದಳ ಮುಖ ಮಾತ್ರ ಕೆಂಪಾಯಿತು. ಅವಳು ತನ್ನ ಎರಡೂ ಅಂಗೈಗಳನ್ನು ನನ್ನ ಮುಂದೆ ಹಿಡಿದಳು. ಕತ್ತಿ ಹಿಡಿದು ಹಿಡಿದು ಬೊಬ್ಬೆ ಎದ್ದಿದ್ದವು.

"ಮೂರು ದಿನ ಶ್ರಮದಾನ ಮಾಡಿದ್ದೇವೆ ಟೀಚರೇ. ನಾವು ಕೇಳದೆ ಮಾಡಿದ್ದಲ್ಲ. ಫೋಟೋ ಹಾಕಿದ್ದು ನೀವು. ಅಲ್ಲಿಯವರಿಗೆ ಜೇನಿನ ಮೇಲೆ ಪ್ರೀತಿ ಉಂಟು ಅಂತ ಬರೆದದ್ದು ನೀವು. ನಮ್ಮಲ್ಲಿಯೂ ಮಾಡುವ ಅಂತ ನಾನು ಕೇಳಿದೆ, ಹೆಬ್ಬೆರಳು ಒತ್ತಿದ್ದೂ ನೀವೇ. ಗೂಡು ಉಂಟಲ್ವಾ ಅಂತ ಮೇಸ್ತ್ರಿ ಹೇಳಿದ್ರು. ಟೀಚರಿಗೆ ಗೊತ್ತಿಲ್ದೆ ಇರ್ತದಾ, ಅವರೇ ಹೇಳಿದ ಮೇಲೆ ಏನೋ ಲೆಕ್ಕ ಇರ್ತದೆ ಅಂತ ನಾನೇ ಅವರ ಬಾಯಿ ಮುಚ್ಚಿಸಿದೆ. ಈಗ ಬೈಯ್ಯುದು ನಮಗಾ?"

ಅವಳ ಕಣ್ಣಿನಲ್ಲಿ ನೀರಿತ್ತು, ಆದರೆ ಧ್ವನಿ ಒಡೆಯಲಿಲ್ಲ. ಐವಿಯ ಫೋಟೋ ಇನ್ನೂ ನನ್ನ ಫೋನಿನಲ್ಲೇ ಇತ್ತು, ಅವರಿಗೆ ಕಳಿಸದ ಫೋಟೋ. ನಾಚಿಕೆ ಮತ್ತು ಸಿಟ್ಟು ಒಟ್ಟಿಗೆ ಬಂದರೆ ಬಾಯಿಯಿಂದ ಸಿಟ್ಟೇ ಮೊದಲು ಹೊರಡುತ್ತದೆ. ಅದನ್ನು ಹೇಗೋ ನುಂಗಿಕೊಂಡು, "ಮೇಸ್ತ್ರಿ ಎಲ್ಲಿದ್ದಾರೆ?" ಎಂದೆ.

ಉಮ್ಮರ್ ಮೇಸ್ತ್ರಿ ಶಾಲೆಯ ಜಗಲಿಯಲ್ಲೇ ಇದ್ದರು. ಅರವತ್ತು ದಾಟಿದ, ಮಾತು ಕಡಿಮೆಯ ಮನುಷ್ಯ. ನಾಳೆಯ ಉದ್ಘಾಟನೆಗೆ ಮೆಟ್ಟಿಲು ಸರಿಮಾಡುತ್ತಿದ್ದರು. ಉಳಿ, ಸುತ್ತಿಗೆ ಹಿಡಿದುಕೊಂಡು ಬಂದರು.

"ನನಗೆ ಮನಸ್ಸಿರಲಿಲ್ಲ ಟೀಚರ್. ನಾವು ಮಕ್ಕಳಿದ್ದಾಗ ನನ್ನ ಉಮ್ಮ ಕೆಮ್ಮಿಗೆ ಇದೇ ಗೋಡೆಯ ಜೇನು ಕೊಡ್ತಿದ್ರು" ಎಂದರು. ಆಮೇಲೆ ಗೇಟಿನ ಹತ್ತಿರದ ಮೂಲೆಗೆ ಕರೆದೊಯ್ದು ತೋರಿಸಿದರು. ನೆಲದಿಂದ ಗೇಣೆತ್ತರದಲ್ಲಿ, ನೀಲಿ ಬಣ್ಣದ ನಡುವೆ, ಪಪ್ಪಾಯಿ ಎಲೆಯ ದಂಟಿನ ಒಂದು ತುಂಡು ಚಾಚಿಕೊಂಡಿತ್ತು. ಅದರ ಟೊಳ್ಳಿನೊಳಗಿಂದ ಮುಜಂಟಿಗಳು ಹೋಗಿ ಬಂದು ಮಾಡುತ್ತಿದ್ದವು. "ಒಂದು ಬಿಟ್ಟಿದ್ದೇನೆ. ಕುಂಡ ಅಡ್ಡ ಇಟ್ಟೆ, ಯಾರಿಗೂ ಕಾಣ್ಲಿಲ್ಲ."

ಉಳಿದ ಆರು ಗೂಡುಗಳು ಮುಚ್ಚಿ ನಾಲ್ಕು ದಿನವಾಗಿತ್ತು. ಎಲ್ಲೆಲ್ಲಿ ಎಂದು ಸಾರಣೆಯ ಮೇಲಿನಿಂದ ಗೊತ್ತಾಗುವ ಹಾಗಿರಲಿಲ್ಲ, ಆದರೆ ಮೇಸ್ತ್ರಿಗೆ ಕಲ್ಲಿನ ಸಾಲು ನೆನಪಿತ್ತು. ಬುಡದಿಂದ ನಾಲ್ಕನೇ ಸಾಲು, ಗೇಟಿನಿಂದ ಹನ್ನೊಂದನೇ ಕಲ್ಲು ಎಂದು ಬೆರಳಿನಲ್ಲಿ ಅಳೆಯುತ್ತ ಗುರುತು ಹಾಕಿದರು. ಮೊದಲ ಗುರುತು ಬಿದ್ದದ್ದು ಹಳದಿ ಜೇನಿನ ಹೊಟ್ಟೆಯ ನಡುವೆ.

"ನಾಳೆ ಅತಿಥಿಗಳು ಬರ್ತಾರೆ" ಎಂದು ಹಿಂದಿನಿಂದ ಯಾರೋ ಮೆಲ್ಲಗೆ ಹೇಳಿದರು.

ಸುನಂದ ಹಿಂತಿರುಗಿಯೂ ನೋಡಲಿಲ್ಲ. ಸೆರಗು ಸೊಂಟಕ್ಕೆ ಸಿಕ್ಕಿಸಿ, ಮೇಸ್ತ್ರಿಯ ಕೈಯಿಂದ ಸುತ್ತಿಗೆ ತೆಗೆದುಕೊಂಡು, "ಉಳಿ ಹಿಡೀರಿ ಮೇಸ್ತ್ರಿಗಳೇ" ಎಂದಳು. ಬೊಬ್ಬೆ ಎದ್ದ ಕೈಯಲ್ಲೇ ಹೊಡೆದಳು.

ಮೊದಲ ಗೂಡಿನಿಂದ ಹುಳಿವಾಸನೆ ಬಂತು, ಆಮೇಲೆ ಸೋತ ಕಾಲಿನಲ್ಲಿ ಒಂದೊಂದೇ ಮುಜಂಟಿ ಹೊರಬಂತು. ಎರಡನೆಯದರಲ್ಲಿಯೂ ಜೀವ ಇತ್ತು. ಮೂರನೆಯದರಲ್ಲಿ ಇರಲಿಲ್ಲ. ಸಿಮೆಂಟು ಒಳಗೆ ಇಳಿದು ಜೇನಿನ ಗುಳ್ಳೆಗಳ ಮೇಲೇ ಗಟ್ಟಿಯಾಗಿತ್ತು. ಮಧ್ಯಾಹ್ನ ದಾಟುವಷ್ಟರಲ್ಲಿ ಆರೂ ತೆರೆದೆವು. ಮೂರು ಬದುಕಿದ್ದವು, ಮೂರು ಸತ್ತಿದ್ದವು. ಸತ್ತವನ್ನು ಸುನಂದ ಒಂದು ಬಾಳೆಲೆಯಲ್ಲಿ ತೆಗೆದಿಟ್ಟಳು.

ಮರುದಿನ ಅತಿಥಿಗಳು ಬಂದರು. ಗೋಡೆ ನೋಡಿ ಅವರಲ್ಲಿ ಒಬ್ಬರು, "ಛೆ, ಚಂದದ ಚಿತ್ರ ಯಾರು ಹಾಳು ಮಾಡಿದ್ದು?" ಎಂದು ಕೇಳಿದರು. "ನಾವೇ ಸರ್" ಎಂದಳು ಸುನಂದ. ಅವರ ಭಾಷಣ ಎಂದಿನಷ್ಟೇ ಉದ್ದವಿತ್ತು. ನನ್ನ ವಿದೇಶದ ಅನುಭವ ಹೇಳಲು ಕೊಟ್ಟ ಸಮಯದಲ್ಲಿ ನಾನು ಐವಿಯ ಫೋಟೋ ತೋರಿಸಿ, ಅದನ್ನು ಯಾಕೆ ಕಳಿಸಲಿಲ್ಲ ಎಂದು ಹೇಳಿದೆ. ಅದಕ್ಕೆ ಮೊದಲು ಎಂದಾದರೂ ಅಷ್ಟು ಹೊತ್ತು ಯಾರನ್ನೂ ಬೈಯದೆ ಮಾತಾಡಿದ್ದು ನನಗೇ ನೆನಪಿಲ್ಲ.

ಆ ಗೋಡೆಗೆ ಮತ್ತೆ ಬಣ್ಣ ಹಚ್ಚಿಲ್ಲ. ಈಗ ಬೆಳ್ತಂಗಡಿಯಿಂದ, ಮೂಡುಬಿದಿರೆಯಿಂದ ಬೇರೆ ಸಂಘದವರು ಬಸ್ಸು ಮಾಡಿಕೊಂಡು ನೋಡಲು ಬರುತ್ತಾರೆ. ಪಾಠ ಮಾಡುವುದು ಸುನಂದ. ದೀಪ ಇಲ್ಲ, ಶಾಲು ಇಲ್ಲ. ಬಂದವರನ್ನು ನೇರ ಗೋಡೆಯ ಹತ್ತಿರ ಕರೆದೊಯ್ದು, ಬದುಕಿದ ನಾಲ್ಕು ಬಾಗಿಲುಗಳಿಗೆ ಕಿವಿ ಕೊಡಿಸುತ್ತಾಳೆ. ಆಮೇಲೆ ಖಾಲಿ ಇರುವ ಮೂರು ತೂತುಗಳೊಳಗೆ ಒಬ್ಬೊಬ್ಬರಿಂದಲೂ ಬೆರಳು ಹಾಕಿಸಿ, ನಿಧಾನವಾಗಿ ಹೇಳುತ್ತಾಳೆ: "ಈ ಮೂರು ಗೂಡು ಸತ್ತದ್ದು ನಮ್ಮಿಂದ. ಸಾರಣೆ ಮಾಡಿಸಿದ್ದು ನಾನು. ಫೋಟೋ ಕಳಿಸಿದ್ದು ಅಲ್ಲಿ ನಿಂತಿದ್ದಾರಲ್ಲ, ನಮ್ಮ ಟೀಚರ್."

ಎಲ್ಲರೂ ತಿರುಗಿ ನನ್ನನ್ನು ನೋಡುತ್ತಾರೆ. ಪ್ರತಿ ಸಲವೂ ನನಗೆ ಸಿಟ್ಟು ಬರುತ್ತದೆ. ಪ್ರತಿ ಸಲವೂ ಕೈ ಎತ್ತಿ, ಹೌದು, ನಾನೇ ಎನ್ನುತ್ತೇನೆ.